ಕೆನ್ನೆಯೊಳಗಿನ ಬಿಳಿ ಮಚ್ಚೆ: ಬಯಾಪ್ಸಿ ರಿಪೋರ್ಟ್ ಕೈಗೆ ಬರೋತನಕ

ಮೊದಲು ಗೊತ್ತಾಗಿದ್ದು ಅಪ್ಪೆಮಿಡಿಯಿಂದ. ನವರಾತ್ರಿ ಹೊತ್ತಿಗೆ ಒಂದು ದಿನ ಮೊಸರನ್ನದ ಜೊತೆ ಮಿಡಿ ಕಚ್ಚಿದೆ, ಎಡಗೆನ್ನೆ ಒಳಗೆ ಕೆಂಡ ಇಟ್ಟ ಹಾಗಾಯಿತು. ಎಲ್ಲೋ ಕೆನ್ನೆ ಕಚ್ಚಿಕೊಂಡಿರಬೇಕು ಅಂತ ಸುಮ್ಮನಾದೆ. ಮರುದಿನವೂ ಉರಿ. ಅದರ ಮಾರನೇ ದಿನ ಮಿಡಿಯನ್ನು ನೀರಲ್ಲಿ ತೊಳೆದು ತಿಂದೆ. ಹೆಂಡತಿ ನಕ್ಕಳು. "ಉಪ್ಪಿನಕಾಯಿ ತೊಳ್ಕೊಂಡು ತಿನ್ನೋರನ್ನ ಇದೇ ಮೊದಲು ನೋಡಿದ್ದು" ಅಂದಳು.

ನಾನು ಶಿರಸಿ ಕಡೆಯವನು, ವಯಸ್ಸು 47, ಎರಡು ಎಕರೆ ಅಡಿಕೆ ತೋಟ ಇದೆ. ನಮ್ಮ ಕಡೆ ಮನೆಗೆ ಯಾರೇ ಬಂದರೂ ಮೊದಲು ನೀರು, ಬೆಲ್ಲ, ಆಮೇಲೆ ಕವಳದ (ಎಲೆ-ಅಡಿಕೆಯ) ತಟ್ಟೆ. ಕಾಲೇಜು ಬಿಟ್ಟ ವರ್ಷ ಹಿಡಿದ ಕವಳ ಈ ಸಲ ಬಿಡೋ ಹೊತ್ತಿಗೆ ದಿನಕ್ಕೆ ಎಂಟು ಹತ್ತು ಆಗಿತ್ತು. ಹೊಗೆಸೊಪ್ಪನ್ನು ಹತ್ತು ವರ್ಷದ ಹಿಂದೆಯೇ ಬಿಟ್ಟಿದ್ದೆ. ಬರೀ ಎಲೆ, ಅಡಿಕೆ, ಸುಣ್ಣ. ಹೊಗೆಸೊಪ್ಪೇ ಇಲ್ಲ ಅಂದ ಮೇಲೆ ಇನ್ನೇನು ಆಗುತ್ತೆ ಅನ್ನೋ ಧೈರ್ಯ ನನ್ನದು.

ಇದನ್ನು ಬರೆಯೋಕೆ ಕಾರಣ ಇಷ್ಟೇ. ಬಾಯೊಳಗೆ ಏನೋ ಕಂಡರೆ ಯಾರ ಹತ್ತಿರ ಹೋಗಬೇಕು, ಅಲ್ಲಿ ಏನೇನು ಮಾಡ್ತಾರೆ, ಎಷ್ಟು ದಿನ ಹಿಡಿಯುತ್ತೆ ಅಂತ ನನಗೆ ಹೇಳೋರು ಯಾರೂ ಇರಲಿಲ್ಲ. ನಾನು ಡಾಕ್ಟರ್ ಅಲ್ಲ. ನನಗೆ ಆದದ್ದು, ಅವರು ನನಗೆ ಹೇಳಿದ್ದು, ಅಷ್ಟೇ ಬರೆದಿದ್ದೇನೆ.

ಕನ್ನಡಿ ಮುಂದೆ ನಿಂತು, ಚಮಚದ ಹಿಡಿಯಲ್ಲಿ ಕೆನ್ನೆ ಎಳೆದು, ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ಕೆಳಗಿನ ದವಡೆ ಹಲ್ಲಿನ ಪಕ್ಕ, ಸರಿಯಾಗಿ ನಾನು ಕವಳ ಒತ್ತಿಟ್ಟುಕೊಳ್ಳೋ ಜಾಗದಲ್ಲೇ, ಒಂದು ಬಿಳಿ ಪಟ್ಟಿ. ಗೋಡೆಗೆ ಬಳಿದ ಸುಣ್ಣ ಒಣಗಿ ಬಿರುಕು ಬಿಟ್ಟ ಹಾಗೆ. ಮೆಡಿಕಲ್ ಶಾಪಿಗೆ ಹೋಗಿ ಬಾಯಿ ಹುಣ್ಣು ಅಂದೆ. ಒಂದು ಜೆಲ್ ಕೊಟ್ಟರು, ಜೊತೆಗೆ ಬಿ ಕಾಂಪ್ಲೆಕ್ಸ್ ಮಾತ್ರೆ. ಜೆಲ್ ಹಚ್ಚಿದಾಗ ಉರಿ ಕಡಿಮೆ, ಒರೆಸಿದಾಗ ಮತ್ತೆ ಅದೇ. ಹೀಗೇ ಎರಡು ಟ್ಯೂಬ್, ಮೂರು ವಾರ, 240 ರೂಪಾಯಿ. ಆ ಮೂರು ವಾರವೂ ಕವಳ ನಿಲ್ಲಿಸಿರಲಿಲ್ಲ. ಬಲಗಡೆಗೆ ಹಾಕಿಕೊಳ್ತಿದ್ದೆ ಅಷ್ಟೇ.

ಆಮೇಲೆ ಎಲ್ಲ ಡಾಕ್ಟರೂ ಒಂದೇ ಮಾತು ಹೇಳಿದರು: ಬಾಯಲ್ಲಿ ಹುಣ್ಣಾಗಲಿ, ಮಚ್ಚೆಯಾಗಲಿ, ಗಂಟಾಗಲಿ ಎರಡು ವಾರ ದಾಟಿದರೂ ಹಾಗೇ ಇದ್ದರೆ ತೋರಿಸಬೇಕು. ನೋವು ಇಲ್ಲದಿದ್ದರೂ ಸರಿ. ನನಗೆ ಉರಿಯಾದರೂ ಇತ್ತು, ಎಷ್ಟೋ ಜನಕ್ಕೆ ಅದೂ ಇರಲ್ಲವಂತೆ.

ದೀಪಾವಳಿ ಮುಗಿದ ಮೇಲೆ ಪೇಟೆಯ ಹಲ್ಲಿನ ಡಾಕ್ಟರ್ ಹತ್ತಿರ ಹೋದೆ. ನೋಡೋದು ಹಲ್ಲಿನ ಡಾಕ್ಟರಾ, ಕಿವಿ ಮೂಗು ಗಂಟಲಿನವರಾ ಅಂತ ಒಂದು ದಿನ ತಲೆ ಕೆಡಿಸಿಕೊಂಡಿದ್ದೆ. ಬಾಯೊಳಗಿನದ್ದಾದರೆ ಹಲ್ಲಿನ ಡಾಕ್ಟರ್ ಹತ್ತಿರವೇ ಶುರು ಮಾಡಬಹುದು. ಗಂಟಲಿನ ಒಳಗೆ, ನಾಲಿಗೆಯ ಬುಡದಲ್ಲಿ ಅಂದರೆ ಇಎನ್‌ಟಿ.

ಆ ಡಾಕ್ಟರ್ ಹುಡುಗಿ (ನನ್ನ ಅಣ್ಣನ ಮಗಳ ವಯಸ್ಸು, ಅದಕ್ಕೆ ಹುಡುಗಿ ಅಂತಲೇ ಬಾಯಿಗೆ ಬರುತ್ತೆ) ಮೊದಲು ಒಂದು ಹತ್ತಿಬಟ್ಟೆ ತಗೊಂಡು ಮಚ್ಚೆಯನ್ನು ಉಜ್ಜಿದರು. ಫಂಗಸ್ ಆಗಿದ್ದರೆ ಹಾಲಿನ ಕೆನೆ ಎದ್ದು ಬಂದ ಹಾಗೆ ಬರುತ್ತಂತೆ. ಬರಲಿಲ್ಲ. ಆಮೇಲೆ ಬಾಯಿ ಪೂರ್ತಿ ತೆಗೀರಿ ಅಂದರು. ನಾನು ಪೂರ್ತಿಯೇ ತೆಗೆದಿದ್ದೆ. "ಇಷ್ಟೇನಾ?" ಅಂದರು. ಸ್ಕೇಲ್ ಇಟ್ಟು ಮೇಲಿನ ಮತ್ತು ಕೆಳಗಿನ ಮುಂಬಾಚಿ ಹಲ್ಲಿನ ನಡುವೆ ಅಳೆದರು. 31 ಮಿಲಿಮೀಟರ್. ದೊಡ್ಡವರಿಗೆ 40ರ ಹತ್ತಿರ ಇರಬೇಕಂತೆ. ಮನೆಯಲ್ಲೇ ನೋಡಿಕೊಳ್ಳೋಕೆ ಒಂದು ದಾರಿ ಇದೆ: ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ಮಧ್ಯೆ ತೂರಿಸಿ. ನನಗೆ ಎರಡು ಹೋಯಿತು, ಮೂರನೆಯದು ಉಗುರಿನ ಹತ್ತಿರವೇ ನಿಂತಿತು. ಎಷ್ಟೋ ವರ್ಷದಿಂದ ಬಾಳೆಹಣ್ಣನ್ನು ಮುರಿದು ಮುರಿದು ತಿನ್ನುತ್ತಿದ್ದೆ, ದೊಡ್ಡ ಲಡ್ಡು ಬಾಯಿಗೆ ಹೋಗ್ತಿರಲಿಲ್ಲ. ವಯಸ್ಸಾಯಿತು ಅಂದುಕೊಂಡಿದ್ದೆ. ಬಾಯಿ ಚಿಕ್ಕದಾಗೋದಕ್ಕೂ ವಯಸ್ಸಿಗೂ ಏನು ಸಂಬಂಧ ಅಂತ ಒಂದು ಸಲವೂ ಯೋಚಿಸಿರಲಿಲ್ಲ, ನೋಡಿ.

"ಲ್ಯೂಕೋಪ್ಲೇಕಿಯಾ ಥರ ಕಾಣ್ತಿದೆ" ಅಂದರು. ತಕ್ಷಣ ಸೇರಿಸಿದರು: ಅದು ಕಣ್ಣಿಗೆ ಬಿಳಿ ಕಂಡಿದ್ದಕ್ಕೆ ಇಟ್ಟ ಹೆಸರು ಅಷ್ಟೇ, ಒಳಗೆ ಏನು ನಡೀತಿದೆ ಅಂತ ಆ ಹೆಸರು ಹೇಳಲ್ಲ, ಒಂದು ಚೂರು ತೆಗೆದು ಮೈಕ್ರೋಸ್ಕೋಪ್ ಕೆಳಗೆ ನೋಡಿದ ಮೇಲೇ (ಬಯಾಪ್ಸಿ ಅಂದರೆ ಅದೇ) ಗೊತ್ತಾಗೋದು. ಅಲ್ಲೇ ಒಂದು ದವಡೆ ಹಲ್ಲು ಸವೆದು ಚೂಪಾಗಿ ಕೆನ್ನೆಗೆ ತಾಗ್ತಿತ್ತು. ಅದನ್ನು ಉಜ್ಜಿ ನುಣುಪು ಮಾಡಿದರು. ಸ್ಕೇಲ್ ಪಕ್ಕ ಇಟ್ಟು ಮಚ್ಚೆಯ ಫೋಟೋ ತೆಗೆದರು. ಎರಡು ವಾರ ಕವಳ ಪೂರ್ತಿ ಬಂದ್, ಹಲ್ಲಿನಿಂದ ಆಗಿದ್ದರೆ ಅಷ್ಟರಲ್ಲಿ ಕರಗಬೇಕು, ಕರಗದಿದ್ದರೆ ಮುಂದೆ ಕಳಿಸ್ತೀನಿ ಅಂದರು. ಫೀಸು, ಹಲ್ಲು ಉಜ್ಜಿದ್ದು ಸೇರಿ 800 ರೂಪಾಯಿ.

ಆ ಎರಡು ವಾರದ ಬಗ್ಗೆ ಜಾಸ್ತಿ ಬರೆಯಲ್ಲ. ಊಟ ಆದ ತಕ್ಷಣ ಕೈ ತಾನಾಗೇ ಸಂಚಿಗೆ ಹೋಗ್ತಿತ್ತು. ಒಂದು ವೈದಿಕದ ಮನೆಯಲ್ಲಿ ನಾಲ್ಕು ಜನ ಸೇರಿ "ಒಂದು ಕವಳಕ್ಕೆ ಏನಾಗ್ತು ಮಾರಾಯ" ಅಂದರು. ಎದ್ದು ಬಂದೆ.

ಎರಡು ವಾರ ಆದ ಮೇಲೆ ಹಿಂದಿನ ತುದಿಯಲ್ಲಿ ಬಿಳುಪು ನಿಜವಾಗಲೂ ಕಡಿಮೆಯಾಗಿತ್ತು. ನಾನು ಖುಷಿಯಲ್ಲೇ ಹೋದೆ. ಡಾಕ್ಟರ್ ಹಳೇ ಫೋಟೋ ತೆಗೆದು ಪಕ್ಕದಲ್ಲಿಟ್ಟು ನೋಡಿದರು. ಮುಂದಿನ ಭಾಗ ಹಾಗೇ ಇತ್ತು. ಅದರ ಮಧ್ಯೆ ಹೆಸರುಕಾಳಿನಷ್ಟು ಒಂದು ಕೆಂಪು ಚುಕ್ಕೆ ಇತ್ತು, ನನಗೆ ಅದು ಕಂಡೇ ಇರಲಿಲ್ಲ. ಬರೀ ಬಿಳಿಗಿಂತ ಬಿಳಿಯೊಳಗೆ ಕೆಂಪು ಇದ್ದರೆ ಹೆಚ್ಚು ಜಾಗ್ರತೆ ಬೇಕು ಅಂದರು. ಒಂದು ಕಾಗದ ಬರೆದು, ಫೋಟೋಗಳನ್ನು ವಾಟ್ಸಾಪ್ ಮಾಡಿ, ಡೆಂಟಲ್ ಕಾಲೇಜಿಗೆ ಹೋಗಿ ಅಂದರು. (ಆ ಫೋಟೋಗಳು ಮುಂದೆ ಮೂರು ಕಡೆ ಉಪಯೋಗಕ್ಕೆ ಬಂದವು. ನೀವೂ ತೆಗೆಸಿಟ್ಟುಕೊಳ್ಳಿ.)

ಹೋಗೋಕೆ ಮುಂಚೆ ಎರಡು ಅಡ್ಡದಾರಿ ಸಿಕ್ಕವು. ಒಂದು, ನೆಂಟರೊಬ್ಬರ ಫೋನ್: "ಚಾಕು ಮುಟ್ಟಿಸಬೇಡ, ಗಾಳಿ ತಾಗಿದರೆ ಹರಡುತ್ತೆ, ನಾಟಿ ಔಷಧಿ ಕೊಡೋರು ಇದ್ದಾರೆ." ಎರಡನೆಯದು ಇನ್ನೂ ಆಸೆ ಹುಟ್ಟಿಸೋ ಥರದ್ದು. ಬೇರೊಂದು ಊರಿನ ಕ್ಲಿನಿಕ್ಕಿನಲ್ಲಿ ಫೋಟೋ ನೋಡಿ, ಬಯಾಪ್ಸಿ ಎಲ್ಲ ಯಾಕೆ, ಲೇಸರ್‌ನಲ್ಲಿ ಸುಟ್ಟುಬಿಡೋಣ, ಒಂದೇ ದಿನ, 12,000 ಅಂದರು. ನನಗೆ ಅದೇ ಸರಿ ಅನ್ನಿಸಿತ್ತು, ಸುಳ್ಳು ಹೇಳಲ್ಲ. ನಮ್ಮ ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. "ಸುಟ್ಟ ಮೇಲೆ ನೋಡೋಕೆ ಏನು ಉಳಿಯುತ್ತೆ? ಮೊದಲು ಏನು ಅಂತ ಗೊತ್ತಾಗಲಿ, ಸುಡೋದು ಆಮೇಲಿದ್ದೇ ಇದೆ" ಅಂದರು. ಬಯಾಪ್ಸಿ ಮಾಡಿದ್ದಕ್ಕೆ ಹರಡುತ್ತೆ ಅನ್ನೋದನ್ನು ಡೆಂಟಲ್ ಕಾಲೇಜಿನಲ್ಲೂ ಕೇಳಿದೆ. ದಿನಾ ನಾಲ್ಕು ಜನ ಕೇಳ್ತಾರೆ, ಹಾಗೆ ಆಗಲ್ಲ, ಹೆದರಿ ಮುಂದೂಡಿದವರಲ್ಲೇ ಹರಡಿರೋದು ಅಂದರು.

ಡೆಂಟಲ್ ಕಾಲೇಜು ನಮ್ಮ ಮನೆಯಿಂದ ಬಸ್ಸಲ್ಲಿ ಮೂರು ಗಂಟೆ. ಹೆಸರು ಬೇಡ, ಎಲ್ಲ ಕಡೆ ಹೆಚ್ಚು ಕಡಿಮೆ ಇದೇ ಕ್ರಮ. ಕಾರ್ಡ್ ಮಾಡಿಸೋಕೆ 50 ರೂಪಾಯಿ. ನಾನು ಹತ್ತೂವರೆಗೆ ಹೋಗಿ ಮಧ್ಯಾಹ್ನದ ತನಕ ಬೆಂಚಿನ ಮೇಲೆ ಕೂತೆ. ಎಂಟೂವರೆಗೆ ಬಂದವರು ಅಷ್ಟರಲ್ಲಿ ಮುಗಿಸಿ ಮಸಾಲೆದೋಸೆ ತಿಂದು ಬಂದಿದ್ದರು.

ಮೂರು ವಿಭಾಗದ ಹೆಸರು ನೆನಪಿಟ್ಟುಕೊಳ್ಳಿ, ನಾನು ಅದರಲ್ಲೇ ಸುತ್ತಿದ್ದು. ಓರಲ್ ಮೆಡಿಸಿನ್: ಬಾಯಿ ನೋಡಿ, ಎಕ್ಸ್‌ರೇ ತೆಗೆದು, ಏನಿರಬಹುದು ಅಂತ ಹೇಳೋರು. ಓರಲ್ ಸರ್ಜರಿ: ಚೂರು ತೆಗೆಯೋರು, ಆಪರೇಶನ್ ಮಾಡೋರು. ಓರಲ್ ಪೆಥಾಲಜಿ: ಆ ಚೂರನ್ನು ಮೈಕ್ರೋಸ್ಕೋಪಲ್ಲಿ ನೋಡೋರು. ಕೊನೆಯವರನ್ನು ನೀವು ಬಹುಶಃ ನೋಡೋದೇ ಇಲ್ಲ, ಆದರೆ ನಿಮ್ಮ ಹಣೆಬರಹ ಬರೆಯೋದು ಅವರೇ.

ಓರಲ್ ಮೆಡಿಸಿನ್‌ನಲ್ಲಿ ಮೊದಲು ಒಬ್ಬ ಹೌಸ್ ಸರ್ಜನ್ ಹುಡುಗ, ಆಮೇಲೆ ಒಬ್ಬರು ಪಿಜಿ (ಮೇಲಿನ ಓದು ಓದ್ತಿರೋ ಡಾಕ್ಟರ್), ಕೊನೆಗೆ ದೊಡ್ಡ ಡಾಕ್ಟರ್. ಮೂರು ಸಲವೂ ಅದೇ ಪ್ರಶ್ನೆ. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು, ಎಷ್ಟು ಹೊತ್ತು ಬಾಯಲ್ಲಿ ಇಡ್ತೀರಿ, ಯಾವ ಕಡೆ, ಇಟ್ಟುಕೊಂಡೇ ಮಲಗ್ತೀರಾ, ಉಗೀತೀರಾ ನುಂಗ್ತೀರಾ. ಮೊದಲ ಸಲ ದಿನಕ್ಕೆ ನಾಲ್ಕು ಅಂದೆ. ಎರಡನೇ ಸಲ ಆರು. ದೊಡ್ಡ ಡಾಕ್ಟರ್ ಕಾಗದ ನೋಡಿ ನಕ್ಕು, "ಇನ್ನೊಬ್ಬರು ಕೇಳಿದ್ರೆ ಎಂಟಾಗುತ್ತೇನೋ" ಅಂದರು. ನಿಜ ಹೇಳಿಬಿಡಿ, ಅವರು ಬೈಯೋಕೆ ಕೇಳ್ತಿಲ್ಲ.

ತಲೆ ಬಗ್ಗಿಸಿ ಕೂರಿಸಿ ದವಡೆಯ ಕೆಳಗೆ, ಕುತ್ತಿಗೆಯ ಎರಡೂ ಕಡೆ ಬೆರಳಲ್ಲಿ ಒತ್ತಿ ಒತ್ತಿ ಗಂಟು ಹುಡುಕಿದರು. ಗಂಟು ಇದ್ದಿದ್ದರೆ ಸೂಜಿ ಹಾಕಿ ಜೀವಕೋಶ ಎಳೆದು ನೋಡ್ತಾರಂತೆ, ಎಫ್‌ಎನ್‌ಎಸಿ ಅಂತ. ನನಗೆ ಇರಲಿಲ್ಲ. ಕೆನ್ನೆಯನ್ನು ಒಳಗೊಂದು ಹೊರಗೊಂದು ಬೆರಳಿಟ್ಟು ಹಿಂಡಿ ನೋಡಿದರು. ಒಳಗೆ ದಾರ ಎಳೆದು ಕಟ್ಟಿದ ಹಾಗೆ ಗಟ್ಟಿ ಪಟ್ಟಿಗಳು ಇವೆ ಅಂದರು. ಬಾಯಿ ತೆರೆಯದೇ ಇರೋದು ಇದಕ್ಕೇ. ಸಬ್‌ಮ್ಯೂಕಸ್ ಫೈಬ್ರೋಸಿಸ್. ಅಡಿಕೆಯ ರಸ ಕೆನ್ನೆ ಒಳಗೆ ನಾರು ಬೆಳೆಸಿ, ಮೆತ್ತಗಿರೋ ಚರ್ಮ ತೊಗಲಿನ ಹಾಗೆ ಬಿಗಿಯುತ್ತೆ. 1952ರಲ್ಲಿ ಶ್ವಾರ್ಟ್ಸ್ ಅನ್ನೋರು ಇದನ್ನು ಮೊದಲು ಗುರುತಿಸಿ ಬರೆದದ್ದು ಪೂರ್ವ ಆಫ್ರಿಕಾದಲ್ಲಿ ನೆಲೆಸಿದ್ದ ಐದು ಜನ ಭಾರತೀಯ ಹೆಂಗಸರ ಬಾಯಲ್ಲಿ ಅಂತ ಆ ಪಿಜಿ ಹೇಳಿದರು. ಊರು ಬಿಟ್ಟರೂ ಅಡಿಕೆ ಬಿಟ್ಟಿರಲಿಲ್ಲ.

"ಹೊಗೆಸೊಪ್ಪು ಬಿಟ್ಟು ಹತ್ತು ವರ್ಷ ಆಯ್ತಲ್ಲ ಡಾಕ್ಟ್ರೇ" ಅಂದೆ, ನನ್ನ ಹತ್ತಿರ ಇದ್ದ ಒಂದೇ ಸಮಾಧಾನ ಅದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲೇ ಹೊಗೆಸೊಪ್ಪು ಇಲ್ಲದ ಎಲೆ-ಅಡಿಕೆಯನ್ನೂ, ಬರೀ ಅಡಿಕೆಯನ್ನೂ ಕ್ಯಾನ್ಸರ್ ತರೋ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ ಅಂದರು. ಅಡಿಕೆ ಬೆಳೆಯೋನಿಗೆ ಇದನ್ನು ಕೇಳೋದು ಹೇಗಿರುತ್ತೆ ಅಂತ ನಮ್ಮ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಮಗಳ ಕಾಲೇಜು ಫೀಸು, ಮನೆಯ ಸಾಲ, ಅಪ್ಪನ ಮಂಡಿ ಆಪರೇಶನ್ ಎಲ್ಲ ಅದರಿಂದಲೇ. ನಾನು ವಾದ ಮಾಡೋಕೆ ಬಾಯಿ ತೆರೆದೆ, 31 ಮಿಲಿಮೀಟರಿನಷ್ಟು.

ಆಮೇಲೆ ಬಣ್ಣದ ಪರೀಕ್ಷೆ. ಟೊಲುಯಿಡಿನ್ ಬ್ಲೂ ಅಂತ ಒಂದು ನೀಲಿ ದ್ರವ. ಮೊದಲು ನೀರು, ಆಮೇಲೆ ವಿನೆಗರ್ ಥರ ಹುಳಿ ದ್ರವ, ಆಮೇಲೆ ನೀಲಿ, ಮತ್ತೆ ಹುಳಿ. ಒಳ್ಳೆಯ ಚರ್ಮದಲ್ಲಿ ಬಣ್ಣ ತೊಳೆದು ಹೋಗುತ್ತೆ, ಅನುಮಾನದ ಜಾಗದಲ್ಲಿ ಉಳಿಯುತ್ತೆ. ನನ್ನ ಕೆಂಪು ಚುಕ್ಕೆ ಕಡುನೀಲಿಯಾಗಿ ಉಳಿಯಿತು. ನನ್ನ ಎದೆ ಧಸಕ್ ಅಂತು. ಪಿಜಿ ಹೇಳಿದರು, ನೀಲಿ ಉಳಿದರೆ ಕ್ಯಾನ್ಸರ್ ಅಂತಲ್ಲ, ಬರೀ ಹುಣ್ಣಿದ್ದರೂ ಉಳಿಯುತ್ತೆ, ಎಲ್ಲಿಂದ ಚೂರು ತೆಗೆಯಬೇಕು ಅಂತ ನಮಗೆ ತೋರಿಸೋಕೆ ಇದು. ಹಳೇ ಅಂಗಿ ಹಾಕಿಕೊಂಡು ಹೋಗಿ. ನನ್ನ ಬಿಳಿ ಅಂಗಿಯ ಕಾಲರಿನಲ್ಲಿ ಆ ನೀಲಿ ಇನ್ನೂ ಇದೆ. ವಾಪಸ್ ಬರುವಾಗ ಬಸ್ಸಲ್ಲಿ ಪಕ್ಕದ ಮಗು ನನ್ನ ನಾಲಿಗೆ ನೋಡಿ ಅಮ್ಮನ ಹಿಂದೆ ಅಡಗಿಕೊಂಡಿತು.

ಒಪಿಜಿ ಎಕ್ಸ್‌ರೇಗೆ 350. ನಿಂತುಕೊಂಡು ಒಂದು ಕಡ್ಡಿ ಕಚ್ಚಬೇಕು, ಮೆಷಿನ್ ತಲೆಯ ಸುತ್ತ ಸುತ್ತುತ್ತೆ, ಮೇಲಿನ ಕೆಳಗಿನ ದವಡೆ ಪೂರ್ತಿ ಒಂದೇ ಚಿತ್ರದಲ್ಲಿ ಬರುತ್ತೆ. ಸರ, ಓಲೆ ತೆಗೆದಿಡಿ. ಮೂಳೆ ಚೆನ್ನಾಗಿದೆ ಅಂದರು. ನಾನು ಹೊರಗೆ ಬಂದು ಮನೆಗೆ ಫೋನ್ ಮಾಡಿ "ಎಕ್ಸ್‌ರೇ ನಾರ್ಮಲ್, ಏನೂ ಇಲ್ಲ" ಅಂದುಬಿಟ್ಟೆ. ಅದು ತಪ್ಪು. ಎಕ್ಸ್‌ರೇಯಲ್ಲಿ ಕಾಣೋದು ಮೂಳೆ, ಹಲ್ಲು. ಕೆನ್ನೆಯ ಮಚ್ಚೆ ಅದರಲ್ಲಿ ಬರೋದೇ ಇಲ್ಲ. ಮನೆಯಲ್ಲಿ ಅವತ್ತು ಪಾಯಸ ಮಾಡಿದ್ದರು.

ಅದೇ ಬೆಂಚಿನಲ್ಲಿ ಒಬ್ಬ ಇಂಜಿನಿಯರಿಂಗ್ ಹುಡುಗ ಇದ್ದ. ಬಲಗಡೆ ಕೆಳದವಡೆ ಸ್ವಲ್ಪ ಊದಿತ್ತು. ನೋವು ಇಲ್ಲ, ಕವಳ ಇಲ್ಲ, ಸಿಗರೇಟ್ ಇಲ್ಲ. ಆರು ತಿಂಗಳಿಂದ ಜಿಮ್‌ಗೆ ಹೋಗ್ತಿದ್ದಕ್ಕೆ ಮುಖ ದಪ್ಪ ಆಗಿದೆ ಅಂದುಕೊಂಡಿದ್ದನಂತೆ. ಅವನ ಒಪಿಜಿ ನೋಡಿದೆ: ಹೊರಗೆ ಬರದೆ ಒಳಗೇ ಅಡ್ಡ ಮಲಗಿದ ಬುದ್ಧಿಹಲ್ಲು, ಅದರ ಸುತ್ತ ಲಿಂಬೆಹಣ್ಣಿನಷ್ಟು ಕಪ್ಪು. ಮೂಳೆ ಕರಗಿ ಟೊಳ್ಳಾಗಿತ್ತು. ಸೂಜಿ ಹಾಕಿ ಎಳೆದಾಗ ಹುಲ್ಲಿನ ಬಣ್ಣದ ನೀರು ಬಂತಂತೆ. ಬರೀ ನೀರಿನ ಚೀಲ ಇರಬಹುದು, ಡೆಂಟಿಜೀರಸ್ ಸಿಸ್ಟ್ ಅಂತ. ಆದರೆ ಕೆರಟೋಸಿಸ್ಟ್, ಅಮಿಲೋಬ್ಲಾಸ್ಟೋಮಾ ಅನ್ನೋವೂ ಎಕ್ಸ್‌ರೇಯಲ್ಲಿ ಹೀಗೇ ಕಾಣ್ತಾವಂತೆ, ಮೂರಕ್ಕೂ ಆಪರೇಶನ್ ಬೇರೆ ಬೇರೆ. ಅದಕ್ಕೆ ಅವನಿಗೆ ಸಿಬಿಸಿಟಿ ಅನ್ನೋ ತ್ರೀಡಿ ಸ್ಕ್ಯಾನ್ ಬರೆದು, ಬಯಾಪ್ಸಿಯನ್ನೂ ಬರೆದರು. ಅಡಿಕೆಯೇ ಮುಟ್ಟದ ಹುಡುಗನಿಗೂ, ಅಡಿಕೆಯಲ್ಲೇ ಬೆಳೆದ ನನಗೂ ಕೊನೆಗೆ ಅದೇ ಚೀಟಿ.

ಬಯಾಪ್ಸಿ ಅವತ್ತೇ ಆಗುತ್ತೆ ಅಂದುಕೊಂಡಿದ್ದೆ. ಮೊದಲು ರಕ್ತ ಪರೀಕ್ಷೆ ಅಂದರು: ಹಿಮೋಗ್ಲೋಬಿನ್, ರಕ್ತ ಹೆಪ್ಪುಗಟ್ಟೋ ಸಮಯ, ಎಚ್‌ಐವಿ, ಹೆಪಟೈಟಿಸ್ ಬಿ, ಸಕ್ಕರೆ. 650 ರೂಪಾಯಿ. ಸಕ್ಕರೆ 268 ಬಂತು. ಡಯಾಬಿಟಿಸ್ ಇರೋದು ನನಗೇ ಗೊತ್ತಿರಲಿಲ್ಲ. ಬಾಯಿ ತೋರಿಸೋಕೆ ಹೋದವನು ಇನ್ನೊಂದು ಕಾಯಿಲೆ ಚೀಟಿ ಹಿಡಿದು ವಾಪಸ್ ಬಂದೆ. ಗಾಯ ಸರಿಯಾಗಿ ಮಾಗಲ್ಲ, ಫಿಸಿಶಿಯನ್ ಕಾಗದ ತನ್ನಿ ಅಂದರು. ಊರಲ್ಲಿ ತೋರಿಸಿ, ಮೂರು ತಿಂಗಳ ಸರಾಸರಿ ನೋಡಿಸಿ (9.1 ಇತ್ತು), ಮಾತ್ರೆ ಶುರು ಮಾಡಿ, ಸಕ್ಕರೆ ಇಳಿಸಿ, "ಮಾಡಬಹುದು" ಅಂತ ಬರೆಸಿಕೊಳ್ಳೋಕೆ 12 ದಿನ, 900 ರೂಪಾಯಿ. 40 ದಾಟಿದವರು ಸಕ್ಕರೆ, ಬಿಪಿ ಊರಲ್ಲೇ ನೋಡಿಸಿಕೊಂಡು ರಿಪೋರ್ಟ್ ಹಿಡಿದೇ ಹೋಗಿ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ, ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ.

ಬಯಾಪ್ಸಿ ದಿನ. ಇಷ್ಟು ದಿನ ನಿದ್ದೆಗೆಡಿಸಿದ್ದು ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ನೋವು ಅಂದರೆ ಮರಗಟ್ಟಿಸೋ ಇಂಜೆಕ್ಷನ್ ಚುಚ್ಚಿದಾಗ ಮಾತ್ರ. ಆಮೇಲೆ ಯಾರೋ ಕೆನ್ನೆ ಎಳೀತಿದ್ದಾರೆ ಅಂತ ಗೊತ್ತಾಗುತ್ತೆ, ಅಷ್ಟೇ. ಎರಡು ಕಡೆಯಿಂದ ತೆಗೆದರು, ನೀಲಿ ಉಳಿದಿದ್ದ ಕೆಂಪು ಜಾಗದಿಂದ ಒಂದು, ದಪ್ಪ ಬಿಳಿಯಿಂದ ಇನ್ನೊಂದು. ಒಂದೇ ಮಚ್ಚೆಯಲ್ಲಿ ಒಂದು ತುದಿ ಸುಮ್ನೆ ಇದ್ದು, ಇನ್ನೊಂದು ತುದಿ ಕೆಟ್ಟಿರಬಹುದಂತೆ. ನಾನು ನೋಡಬೇಕು ಅಂದೆ. ಎರಡು ಪುಟ್ಟ ಬಾಟಲಿ, ಒಳಗೆ ಫಾರ್ಮಾಲಿನ್, ನೀರಿನ ಹಾಗೇ ತಿಳಿ. ತಳದಲ್ಲಿ ಅಕ್ಕಿಕಾಳಿಗಿಂತ ಚೂರು ದಪ್ಪದ್ದು ಕೂತಿತ್ತು. ಒಂದು ಬದಿ ಬಿಳಿ, ಒಂದು ಬದಿ ತಿಳಿಗೆಂಪು, ನಮ್ಮನೆ ದಾಸವಾಳದ ಮೊಗ್ಗಿನ ತುದಿ ಚಿವುಟಿ ಹಾಕಿದ ಹಾಗೆ. ಕಪ್ಪು ದಾರದ ಮೂರು ಹೊಲಿಗೆ. ಬಯಾಪ್ಸಿ ಬಿಲ್ 1,200. ಎರಡು ದಿನ ತಣ್ಣಗಿನ ಗಂಜಿ, ಮಜ್ಜಿಗೆ. ಎಲ್ಲರೂ ಐಸ್‌ಕ್ರೀಮ್ ತಿನ್ನು ಅಂತಾರೆ, ನನಗೆ ಆಗಷ್ಟೇ ಸಕ್ಕರೆ ಕಾಯಿಲೆ.

ಇನ್ನು ನನಗೆ ನಿಜವಾಗಲೂ ಸಿಟ್ಟು ಬಂದ ವಿಷಯ. ಏಳನೇ ದಿನ ಹೊಲಿಗೆ ಬಿಚ್ಚಿಸೋಕೆ ಹೋದವನು ರಿಪೋರ್ಟ್ ಕೇಳಿದೆ. ಪೆಥಾಲಜಿಯಲ್ಲಿ ನನ್ನ ಹೆಸರೇ ಇಲ್ಲ. ಅತ್ತ ಹೋಗಿ ಅಂದರು, ಇತ್ತ ಹೋಗಿ ಅಂದರು. ಒಂದು ಗಂಟೆ ಆದ ಮೇಲೆ ಗೊತ್ತಾಯಿತು, ನನ್ನ ಎರಡು ಬಾಟಲಿ ಸರ್ಜರಿ ವಿಭಾಗದ ಕಿಟಕಿ ಪಕ್ಕದ ಟ್ರೇಯಲ್ಲೇ ಕೂತಿವೆ! ಚೂರು ತೆಗೆಯೋ ಬಿಲ್ ಬೇರೆ, ಅದನ್ನು ಪರೀಕ್ಷೆ ಮಾಡೋ ಬಿಲ್ ಬೇರೆ. ಎರಡನೆಯದು 800 ರೂಪಾಯಿ, ನಾನು ಕಟ್ಟಿ ರಸೀದಿ ತಂದು ಕೊಡಬೇಕಿತ್ತು. ಯಾರೂ ಹೇಳಿರಲಿಲ್ಲ. ನಾನು ಏಳು ರಾತ್ರಿ ಮಾಡು ನೋಡಿಕೊಂಡು ಮಲಗಿದ್ದೆ, ಅದು ಅಲ್ಲಿ ಬಿಸಿಲು ಕಾಯಿಸ್ತಿತ್ತು. ಕೂಗಾಡಿದೆ. ಆ ಕೌಂಟರಿನ ಹೆಂಗಸು ಪಾಪ, ಫಾರ್ಮಾಲಿನ್‌ನಲ್ಲಿ ಇದ್ದರೆ ಕೆಡಲ್ಲ ಅಂತ ಸಮಾಧಾನ ಮಾಡಿದರು, ಡಾಕ್ಟರೂ ಅದನ್ನೇ ಹೇಳಿದರು. ಆದರೆ ಹೋದ ವಾರ ಹೋಯಿತು.

ಅದಕ್ಕೆ ಹೇಳೋದು, ಚೂರು ತೆಗೆದ ದಿನವೇ ಮೂರು ಕೆಲಸ ಮಾಡಿ. ಪರೀಕ್ಷೆಯ ದುಡ್ಡು ಬೇರೆ ಕಟ್ಟಬೇಕಾ ಅಂತ ಕೇಳಿ. ಬಾಟಲಿ ಮೇಲೆ ಹೆಸರು, ನಂಬರ್, ಎಡವಾ ಬಲವಾ ಅಂತ ಬರೆದದ್ದನ್ನು ನೀವೇ ಓದಿ (ನನ್ನ ಇನಿಷಿಯಲ್ ತಪ್ಪಿತ್ತು). ಬಾಟಲಿ ಪೆಥಾಲಜಿಗೆ ಮುಟ್ಟಿ ಅಲ್ಲಿಯ ನಂಬರ್ ಬಿದ್ದಿದೆಯಾ ಅಂತ ನೋಡಿಕೊಂಡೇ ಬಸ್ ಹತ್ತಿ. ರಿಪೋರ್ಟಿನ ದಿನ ಎಣಿಸೋದು ಆ ನಂಬರಿನಿಂದ.

ಇನ್ನೂ ಎಂಟು ದಿನ ಅಂದರು. ಯಾಕೆ ಅಷ್ಟು ದಿನ ಅಂತ ಕೇಳಿದ್ದಕ್ಕೆ ಅಲ್ಲಿದ್ದ ಒಬ್ಬ ಟೆಕ್ನಿಶಿಯನ್ ಕರೆದು ತೋರಿಸಿದರು. ಚೂರನ್ನು ಆಲ್ಕೋಹಾಲಿನಲ್ಲಿ ಅದ್ದಿ ಅದ್ದಿ ಒಳಗಿನ ನೀರೆಲ್ಲ ತೆಗೀತಾರೆ, ಆಮೇಲೆ ಕರಗಿದ ಮೇಣ ಕುಡಿಸ್ತಾರೆ, ಮೇಣದ ಬಿಲ್ಲೆ ಗಟ್ಟಿಯಾದ ಮೇಲೆ ಒಂದು ಯಂತ್ರದಲ್ಲಿ ಸೀಳ್ತಾರೆ. ಒಂದೊಂದು ಸೀಳು ನಾಲ್ಕೈದು ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ ಇನ್ನೂರು ಸೀಳು. ಅದನ್ನು ಬೆಚ್ಚಗಿನ ನೀರ ಮೇಲೆ ತೇಲಿಸಿ ಗಾಜಿಗೆ ಹಿಡಿದು, ನೇರಳೆ ಮತ್ತು ಗುಲಾಬಿ ಬಣ್ಣ ಹಾಕ್ತಾರೆ. ಅಡಕತ್ತರಿಯಲ್ಲಿ ಎಷ್ಟೇ ತೆಳ್ಳಗೆ ಅಡಿಕೆ ಹೆಚ್ಚಿದರೂ ನಮ್ಮಜ್ಜಿಗೆ ತೃಪ್ತಿ ಇರ್ತಿರಲಿಲ್ಲ, ಆ ಸೀಳನ್ನು ನೋಡಿದ್ದರೆ ಒಪ್ಪುತ್ತಿದ್ದಳೇನೋ.

ಆ ಎಂಟು ದಿನ ನಮ್ಮನೆಯಲ್ಲಿ ಅಡಿಕೆ ಕೊನೆ ಕೊಯ್ಲು. ರಾತ್ರಿ ಊಟ ಆದ ಮೇಲೆ ಅಂಗಳದಲ್ಲಿ ಲೈಟ್ ಹಾಕಿ ಅಡಿಕೆ ಸುಲಿಯೋಕೆ ಹತ್ತು ಜನ ಕೂರ್ತಿದ್ದರು. ನಾನೂ ಮೆಟ್ಟುಗತ್ತಿ ಮುಂದೆ ಕೂರ್ತಿದ್ದೆ. ಬೇರೆ ಏನು ಮಾಡೋದು, ಮಲಗಿದರೆ ನಿದ್ದೆ ಬರ್ತಿರಲಿಲ್ಲ. ಎಲ್ಲರ ಬಾಯಲ್ಲೂ ಕವಳ, ನಡುವೆ ಕವಳದ ತಟ್ಟೆ ಒಂದು ಸುತ್ತು ಬರ್ತಿತ್ತು, ನನ್ನ ಹತ್ತಿರ ಬಂದಾಗ ಪಕ್ಕದವನು ಏನೂ ಮಾತಾಡದೆ ನನ್ನನ್ನು ದಾಟಿಸಿ ಆಚೆಯವನಿಗೆ ಕೊಡ್ತಿದ್ದ. ಅವನು ಹಾಗೆ ದಾಟಿಸಿದ್ದು ನೋಡಿ ಗಂಟಲು ಕಟ್ಟಿತು. ಊರಿಗೆಲ್ಲ ಗೊತ್ತಾಗಿದೆ ಅಂತ ಆಗಲೇ ತಿಳಿದದ್ದು.

ಡಿಸೆಂಬರ್ ಮೂರನೇ ವಾರ ರಿಪೋರ್ಟ್ ಬಂತು. ಕವರ್ ಒಡೆದು ಬಸ್ ಸ್ಟ್ಯಾಂಡಿನಲ್ಲಿ ಮೊಬೈಲ್ ಹಿಡಿದು ಒಂದೊಂದೇ ಪದ ಹುಡುಕಬೇಡಿ. ನಾನು ಅದನ್ನೇ ಮಾಡಿದೆ. ಡಾಕ್ಟರ್ ಊಟಕ್ಕೆ ಹೋಗಿದ್ದರು, ಅಷ್ಟೂ ಹೊತ್ತು ತಡೆಯೋಕೆ ಆಗಲಿಲ್ಲ. "ಮಾಡರೇಟ್ ಎಪಿಥೀಲಿಯಲ್ ಡಿಸ್ಪ್ಲೇಸಿಯಾ" ಅಂತಿತ್ತು, ಗೂಗಲ್ ಅದನ್ನು ಕ್ಯಾನ್ಸರ್ ಪಕ್ಕದಲ್ಲೇ ಇಟ್ಟು ತೋರಿಸಿತು. ಅರ್ಧ ಗಂಟೆಯಲ್ಲಿ ನಾನು ಮಗಳ ಮದುವೆ, ತೋಟದ ಪಾಲು ಎಲ್ಲ ಮುಗಿಸಿಬಿಟ್ಟಿದ್ದೆ.

ಡಾಕ್ಟರ್ ಬಂದು ಕಾಗದದ ಹಿಂದೆ ಚಿತ್ರ ಬರೆದು ಹೇಳಿದರು. ಬಾಯಿಯ ಒಳಚರ್ಮ ಪದರ ಪದರವಾಗಿ ಇರುತ್ತೆ. ಕೆಳಗಿನ ಸಾಲಿನಲ್ಲಿ ಹುಟ್ಟಿದ ಜೀವಕೋಶ ಮೇಲೆ ಬಂದು ಉದುರುತ್ತೆ. ಕೆಟ್ಟ ಆಕಾರದ ಕೋಶಗಳು ಕೆಳಗಿನ ಮೂರನೇ ಒಂದು ಭಾಗದಲ್ಲಿ ಇದ್ದರೆ ಮೈಲ್ಡ್, ನಡುವಿನ ತನಕ ಬಂದರೆ ಮಾಡರೇಟ್, ಅದಕ್ಕೂ ಮೇಲೆ ಹೋದರೆ ಸಿವಿಯರ್. ಇದೆಲ್ಲ ಚರ್ಮದ ಒಳಗಿನ ಲೆಕ್ಕ. ಕೆಳಗೆ ಒಂದು ತೆಳು ಪೊರೆ ಇದೆ, ಕೋಶಗಳು ಅದನ್ನು ಹರಿದು ಆಚೆ ಇಳಿದರೆ ಮಾತ್ರ ಕ್ಯಾನ್ಸರ್. "ನಿಮ್ಮದು ಬೇಲಿ ದಾಟಿಲ್ಲ" ಅಂದರು. ತೋಟದವನಿಗೆ ಅರ್ಥ ಆಗೋ ಮಾತು. ಬಿಳಿ ಜಾಗದ ಚೂರಿನಲ್ಲಿ ಮೈಲ್ಡ್ ಮಾತ್ರ ಇತ್ತು, ಕೆಂಪಿನಲ್ಲಿ ಮಾಡರೇಟ್. ಬರೀ ಬಿಳಿಯಿಂದ ತೆಗೆದಿದ್ದರೆ ಅರ್ಧ ಸತ್ಯ ಸಿಗ್ತಿತ್ತು. ಲೇಸರ್‌ನಲ್ಲಿ ಸುಟ್ಟಿದ್ದರೆ ಅದೂ ಇಲ್ಲ.

ಎರಡನೇ ಅಭಿಪ್ರಾಯ ಬೇಕಿದ್ದರೆ ಮೇಣದ ಬ್ಲಾಕ್ ಮತ್ತು ಸ್ಲೈಡ್ ಕೇಳಿ ತಗೊಂಡು ಬೇರೆ ಕಡೆ ತೋರಿಸಬಹುದು. ಈ ಮೈಲ್ಡ್, ಮಾಡರೇಟ್ ಗೆರೆಯನ್ನು ಇಬ್ಬರು ಪೆಥಾಲಜಿಸ್ಟರು ಬೇರೆ ಬೇರೆ ಎಳೆಯೋದು ಉಂಟಂತೆ. ನಾನು ತೋರಿಸಲಿಲ್ಲ, ಹೇಗೂ ತೆಗೆಯಬೇಕು ಅಂದಿದ್ದರು.

ಮಕರ ಸಂಕ್ರಾಂತಿ ಮುಗಿದ ಮೇಲೆ ಮಚ್ಚೆಯನ್ನು ಪೂರ್ತಿ ತೆಗೆದರು, ಕೆನ್ನೆ ಮಾತ್ರ ಮರಗಟ್ಟಿಸಿ. 9,500 ಆಯಿತು. ಅದನ್ನೂ ಮತ್ತೆ ಪೆಥಾಲಜಿಗೆ ಕಳಿಸಿದರು. ಈ ಸಲ ನಾನೇ ಬಾಟಲಿಯ ಹಿಂದೆ ನಡೆದುಕೊಂಡು ಹೋದೆ. ಇಡೀ ತುಂಡಿನಲ್ಲೂ ಮಾಡರೇಟ್‌ಗಿಂತ ಮೇಲೆ ಇಲ್ಲ, ಅಂಚುಗಳು ಸ್ವಚ್ಛ ಅಂತ ಬಂತು. ಮೂರು ತಿಂಗಳಿಗೊಮ್ಮೆ ತೋರಿಸ್ತಾ ಇರಬೇಕು.

ಖರ್ಚಿನ ಲೆಕ್ಕ ಕೇಳೋರು ಇರ್ತಾರೆ. ಮೊದಲ ಜೆಲ್‌ನಿಂದ ಮೊದಲ ರಿಪೋರ್ಟ್ ತನಕ ಎಂಟೂವರೆ ಸಾವಿರದ ಆಸುಪಾಸು. ಅದರಲ್ಲಿ 3,600 ಇಬ್ಬರು ನಾಲ್ಕು ಸಲ ಓಡಾಡಿದ ಬಸ್ಸು, ಊಟ. ಆಯುಷ್ಮಾನ್ ಕಾರ್ಡ್ ಹಿಡಿದು ಹೋಗಿದ್ದೆ, ಇಂಥ ಹೊರರೋಗಿ ಪರೀಕ್ಷೆಗಳಿಗೆ ನನಗೆ ಅದು ಉಪಯೋಗಕ್ಕೆ ಬರಲಿಲ್ಲ. ಮುಂದೆ ದೊಡ್ಡ ಆಪರೇಶನ್ ಬೇಕಾದವರು ಕಾರ್ಡ್, ರೇಷನ್ ಕಾರ್ಡ್, ಆಧಾರ್ ಮೂರನ್ನೂ ಇಟ್ಟುಕೊಂಡು ಆಸ್ಪತ್ರೆಯ ಆರೋಗ್ಯ ಮಿತ್ರ ಡೆಸ್ಕಿನಲ್ಲಿ ಮೊದಲೇ ಕೇಳಿ. ಆ ಇಂಜಿನಿಯರಿಂಗ್ ಹುಡುಗ ಮೊನ್ನೆ ಮೆಸೇಜ್ ಮಾಡಿದ್ದ, ಅವನದು ನೀರಿನ ಚೀಲವೇ ಅಂತೆ, ಹಲ್ಲಿನ ಸಮೇತ ತೆಗೆದರಂತೆ.

ಬಾಯಿ ಬಿಗಿತ ಹೋಗಿಲ್ಲ. ಆ ನಾರು ಕರಗಿ ಮೊದಲಿನ ಹಾಗೆ ಆಗೋದು ಕಷ್ಟ, ಬಿಗಿಯೋದನ್ನು ನಿಲ್ಲಿಸಿ ಇದ್ದದ್ದನ್ನು ಹಿಗ್ಗಿಸಬಹುದು ಅಂದರು. ಅದಕ್ಕೆ ಐಸ್‌ಕ್ರೀಮ್ ಕಡ್ಡಿ. ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ಮಧ್ಯೆ ಇನ್ನೊಂದು ತೂರಿಸಬೇಕು, ದಿನಕ್ಕೆ ಐದಾರು ಸಲ. ಪೇಟೆಯಲ್ಲಿ 50 ಕಡ್ಡಿಯ ಕಟ್ಟು 40 ರೂಪಾಯಿಗೆ ಸಿಕ್ಕಿತು. ಕವಳದ ಸಂಚಿಯಲ್ಲೇ ಇಟ್ಟುಕೊಂಡಿದ್ದೇನೆ, ಕೈ ಹೇಗೂ ಅಲ್ಲಿಗೇ ಹೋಗುತ್ತಲ್ಲ. ಶುರು ಮಾಡಿದಾಗ 19 ಹಿಡೀತಿತ್ತು. ನಿನ್ನೆ ರಾತ್ರಿ ಹೆಂಡತಿ ಎಣಿಸಿ ತೂರಿಸಿದಳು, 21 ಹೋಯಿತು, 22ನೆಯದು ಅರ್ಧಕ್ಕೆ ನಿಂತಿದೆ.